ಅಲ್ಲಾಲನ ಮನೆಯ ಜಿನ್ನು

ಮರ್ರಾಕೆಶ್‌ನ ಮರಗಡೆಯುವವರ ಓಣಿಯಲ್ಲಿ ಎಂಟು ವರ್ಷ ಎಲ್ಲರೂ ಒಂದು ಮಾತನ್ನು ನಂಬಿದ್ದರು: ಮಾಲೆಮ್ ಅಲ್ಲಾಲನ ಮನೆಯಲ್ಲಿ ಒಂದು ಜಿನ್ನು ಸೇರಿಕೊಂಡಿದೆ, ಅವನ ಪೆನ್ನುಗಳಿಗೆ ತೂತು ಕೊರೆದುಕೊಡುವುದು ಅದೇ. ನಂಬದೆ ಏನು ಮಾಡಿಯಾರು? ಕಣ್ಣೆದುರಿಗೇ ನಡೆಯುತ್ತಿತ್ತಲ್ಲ. ಸಂಜೆ ಅಂಗಡಿ ಮುಚ್ಚುವಾಗ ಅಲ್ಲಾಲ್ ಹುಳಿಕಿತ್ತಳೆ ಮರದ ತುಂಡುಗಳನ್ನು ಬುಟ್ಟಿಗೆ ತುಂಬಿಕೊಂಡು ಮನೆಗೆ ಹೋಗುತ್ತಿದ್ದ. ಬೆಳಿಗ್ಗೆ ಅದೇ ಬುಟ್ಟಿ ವಾಪಸು ಬರುವಾಗ ಒಂದೊಂದು ತುಂಡಿಗೂ ಈ ತುದಿಯಿಂದ ಆ ತುದಿಗೆ ನೂಲು ಹಿಡಿದ ಹಾಗೆ ನೇರವಾದ ತೂತು. ಹೊರಮೈ ಕಡೆಯುವ ಕೆಲಸವನ್ನು ಅವನು ಪಕ್ಕದಂಗಡಿಯ ಅಬ್ಬಾಸ್‌ನಿಂದ ಮಾಡಿಸುತ್ತಿದ್ದ. "ಉಳಿ ಕೆಲ್ಸ ಯಾರಿಗಾದ್ರೂ ಬರುತ್ತೆ ಕಣೋ, ಅದನ್ನ ನೀನೇ ಮಾಡು" ಎಂದು ಅದನ್ನೊಂದು ದೊಡ್ಡ ಉಪಕಾರ ಮಾಡಿದ ಧಾಟಿಯಲ್ಲಿ ಹೇಳುತ್ತಿದ್ದ. ತಾನು ಮಾತ್ರ ಹಗಲೆಲ್ಲ ಕುರಿದೊಗಲಿನ ಮೇಲೆ ಕೂತು ಮರಳುಕಾಗದ ಉಜ್ಜುತ್ತ, ಎಣ್ಣೆ ಸವರುತ್ತ, ತೂತಿನೊಳಗೆ ಹಿತ್ತಾಳೆ ಕೊಳವೆ ಕೂರಿಸುತ್ತ, ಪುದೀನಾ ಚಹಾ ಕುಡಿಯುತ್ತ, ಹೋಗಿಬರುವವರ ಕಾಲೆಳೆಯುತ್ತ ಆರಾಮಾಗಿರುತ್ತಿದ್ದ.

ತೂತು ಕೊರೆಯುವುದು ಅಂಥ ಏನು ಮಹಾ ವಿದ್ಯೆ ಎಂದು ಕೇಳುವವರು ಒಮ್ಮೆ ನಮ್ಮ ಓಣಿಯಲ್ಲಿ ಕೂತು ನೋಡಬೇಕು. ನಮ್ಮದು ಕಮಾನಿನ ಲೇತು. ನೆಲದ ಮೇಲೆ ಕೂರಬೇಕು. ಬಲಗೈಯಲ್ಲಿ ಕಮಾನು, ಅದರ ಹುರಿ ಮರವನ್ನು ಕಚ್ಚಿ ಹಿಡಿದ ಬಟ್ಟಲಿನ ಕುತ್ತಿಗೆಗೆ ಸುತ್ತಿರುತ್ತದೆ. ಕಮಾನು ಎಳೆದರೆ ಮರ ಈ ಕಡೆ ತಿರುಗುತ್ತದೆ, ತಳ್ಳಿದರೆ ಆ ಕಡೆ. ಎಡಗೈಯಲ್ಲಿ ಬೈರಿಗೆ. ಅದು ಅತ್ತಿತ್ತ ಅಲುಗದ ಹಾಗೆ ಕಾಲ್ಬೆರಳಿನಿಂದ ಒತ್ತಿ ಹಿಡಿಯಬೇಕು. ಎಳೆದಾಗ ಬೈರಿಗೆ ಒಳಗೆ, ತಳ್ಳಿದಾಗ ಹೊರಗೆ. ಬೇರೆಯವರು ಪೆನ್ನನ್ನು ಎರಡು ಗಿಡ್ಡ ತುಂಡುಗಳಲ್ಲಿ ಮಾಡಿ ನಡುವೆ ಒಂದು ಉಂಗುರ ಹಾಕಿ ಮುಗಿಸುತ್ತಾರೆ. ಅಲ್ಲಾಲನ ಪೆನ್ನು ಮಾತ್ರ ಒಂದೇ ತುಂಡಿನದು, ಮರದ ಗೆರೆ ಎಲ್ಲೂ ಕಡಿಯದೆ ತಲೆಯಿಂದ ಕಾಲಿನವರೆಗೆ ಹರಿದಿರುತ್ತಿತ್ತು. ಅಷ್ಟುದ್ದದ ತುಂಡಿಗೆ ಒಂದೇ ಕಡೆಯಿಂದ ಕೊರೆದರೆ ಬೈರಿಗೆ ದಾರಿ ತಪ್ಪುತ್ತದೆ. ಅದಕ್ಕೇ ಈ ತುದಿಯಿಂದ ಅರ್ಧ, ಆ ತುದಿಯಿಂದ ಅರ್ಧ ಕೊರೆದು ನಡುವೆ ಕೂಡಿಸಬೇಕು. ಕೂಡಿತೋ ಇಲ್ಲವೋ ಎಂದು ನೋಡಲು ತುಂಡನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ. ಬೆಳಕು ಪೂರಾ ಗುಂಡಗೆ ಕಂಡರೆ ಹುಣ್ಣಿಮೆ. ಓರೆಯಾಗಿ ಕೂಡಿದ್ದರೆ ಕಾಣುವುದು ಸೀಳು ಚಂದ್ರ. ನಮ್ಮಲ್ಲಿ ಹತ್ತಕ್ಕೆ ಐದು ಹುಣ್ಣಿಮೆ ಬಂದರೆ ಅವನು ಮಾಲೆಮ್, ಕಸುಬಿನ ಗುರು. ಅಲ್ಲಾಲನ ಬುಟ್ಟಿಯಲ್ಲಿ ಹತ್ತಕ್ಕೆ ಹತ್ತೂ ಹುಣ್ಣಿಮೆಯೇ.

"ನಿಜ ಹೇಳು ಖೂಯಾ, ನನ್ನಣ್ಣ, ಯಾರು ಕೊರೆದುಕೊಡ್ತಾರೆ ನಿಂಗೆ?" ಎಂದು ಅಬ್ಬಾಸ್ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ.

"ಮನೇಲೊಂದು ಜಿನ್ನಿದೆ" ಎಂದು ಅಲ್ಲಾಲ್ ಮುಖ ಗಂಟು ಹಾಕಿಕೊಂಡು ಹೇಳುತ್ತಿದ್ದ. "ಭಾಳ ಸಿಟ್ಟಿನದು. ಹೆಸ್ರು ಎತ್ತಿದ್ರೆ ಆಗಲ್ಲ."

ಒಂದು ಸಲ ಅಬ್ಬಾಸ್ ತಡೆಯಲಾರದೆ ಬುಟ್ಟಿಯ ತಳಕ್ಕೆ ಎರಡು ಹಿಡಿ ಕಲ್ಲುಪ್ಪು ಸುರಿದ. ಉಪ್ಪಿದ್ದ ಕಡೆ ಜಿನ್ನು ನಿಲ್ಲುವುದಿಲ್ಲ ಎಂದು ಅವನ ಅಜ್ಜಿ ಹೇಳಿದ್ದಳಂತೆ. ಮರುದಿನ ಬುಟ್ಟಿಯಲ್ಲಿ ಎಂದಿನಂತೆ ಹತ್ತಕ್ಕೆ ಹತ್ತು ಹುಣ್ಣಿಮೆ. ಉಪ್ಪಿಗೂ ಬಗ್ಗದ ಜಿನ್ನು ಎಂದರೆ ಸಾಮಾನ್ಯದ್ದಲ್ಲ ಎಂದು ಓಣಿಯೆಲ್ಲ ಮಾತಾಯಿತು. ಉಪ್ಪು ಎಲ್ಲಿ ಹೋಯಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಅದು ಆ ವರ್ಷದ ನಿಂಬೆ ಉಪ್ಪಿನಕಾಯಿಯ ಜಾಡಿಗೆ ಹೋಗಿತ್ತು.

ಜಿನ್ನಿನ ಹೆಸರು ಮಹಜೂಬಾ. ಅಲ್ಲಾಲನ ಹೆಂಡತಿ, ಐವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು. ಮಾತಿನಲ್ಲಿ ಅವಳನ್ನು ಗೆದ್ದವರು ನಮ್ಮ ಕೇರಿಯಲ್ಲಿ ಇನ್ನೂ ಹುಟ್ಟಿಲ್ಲ. ಎಂಟು ವರ್ಷದ ಹಿಂದೆ ಒಂದು ಶುಕ್ರವಾರ ಕುಸ್‌ಕುಸ್ ತಟ್ಟೆಯತ್ತ ಚಾಚಿದ ಅಲ್ಲಾಲನ ಬಲಗೈ ಅರ್ಧಕ್ಕೇ ನಿಂತುಬಿಟ್ಟಿತು. ಭುಜ ಹಿಡಿದುಕೊಂಡಿತ್ತು. ಹಮ್ಮಾಮಿನ ಸ್ನಾನದ ಹಬೆಯಲ್ಲಿ ಬೇಯಿಸಿದ್ದಾಯಿತು, ಮೂಳೆ ಕೂರಿಸುವವನ ಹತ್ತಿರ ಕೂಗಾಡಿದ್ದಾಯಿತು, ಡಾಕ್ಟರ ಸೂಜಿಯೂ ಆಯಿತು. ಊಟಕ್ಕೆ ಸಾಕಾಗುವಷ್ಟು ಕೈ ಬಂತು, ಕಮಾನಿಗೆ ಸಾಕಾಗುವಷ್ಟು ಬರಲಿಲ್ಲ. ಅಲ್ಲಾಲ್ ಮೂರು ದಿನ ಗೋಡೆ ನೋಡುತ್ತ ಕೂತ. ನೋವಿಗಿಂತ ಓಣಿಯ ಬಾಯಿಗೆ ಅವನು ಹೆದರಿದ್ದ. ಕಮಾನು ಎಳೆಯಲಾಗದ ಮಾಲೆಮ್ ಎಂದರೆ ಬಾಣಲೆ ಹಿಡಿಯಲಾಗದ ಅಡುಗೆಯವನ ಹಾಗೆ.

"ಓಣಿಗೆ ಗೊತ್ತಾದ್ರೆ ಮುಖ ತೋರ್ಸೋದು ಹೆಂಗೆ?" ಎಂದ.

"ಗೊತ್ತಾದ್ರೆ ತಾನೆ? ಲೇತು ಮನೆಗೆ ತಾ. ನನಗೂ ಒಂದು ಕೈ ಇದೆ" ಎಂದಳು ಮಹಜೂಬಾ.

ಹಳೆಯ ಲೇತೊಂದನ್ನು ತಂದು ಅಂಗಳದಲ್ಲಿ ಹೂಡಿದರು. ಅಲ್ಲಾಲ್ ತನ್ನ ಎಂದಿನ ಜಾಗದಲ್ಲಿ ಬೈರಿಗೆ ಹಿಡಿದು ಕೂತ. ಅವಳು ಲೇತಿನ ಆಚೆ ಬದಿಯಲ್ಲಿ ಅವನಿಗೆ ಎದುರಾಗಿ ಕೂತಳು. ಅವನ ಬಲಗಡೆಯಿದ್ದ ಕಮಾನು ಅವಳಿಗೆ ಎಡಗಡೆ ಬಂತು. ಎಡಗೈಯಲ್ಲೇ ಎಳೆದಳು. ಮೊದಮೊದಲು ಇಬ್ಬರೂ ಜಗಳವಾಡಿದ್ದೇ ಹೆಚ್ಚು. ಅವಳು ಜೋರಾಗಿ ಎಳೆದಳೆಂದು ಅವನು, ಅವನು ಗೂಳಿಯ ಹಾಗೆ ನುಗ್ಗುತ್ತಾನೆಂದು ಅವಳು. ಒಂದು ತಿಂಗಳಿಗೆಲ್ಲ ಅವಳಿಗೆ ಒಂದು ವಿಷಯ ತಿಳಿಯಿತು. ತೂತಿನೊಳಗೆ ಹೊಟ್ಟು ಕಟ್ಟಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ, ಆದರೆ ಹುರಿ ಭಾರವಾಗುತ್ತದೆ. ಹಿಟ್ಟಿಗೆ ನೀರು ಕಡಿಮೆಯಾದಾಗ ಕೈಗೆ ಗೊತ್ತಾಗುವುದಿಲ್ಲವೇ, ಹಾಗೆ. ಆ ಭಾರದ ಮೇಲೆ ಇನ್ನೊಂದು ಸಲ ಒತ್ತಿದರೆ ಮರ ಕಾಯುತ್ತದೆ, ಸೀಳುತ್ತದೆ. ಹುರಿ ಭಾರವಾದ ತಕ್ಷಣ ಅವಳು "ತೆಗಿ" ಅನ್ನುತ್ತಿದ್ದಳು. ಅವನು ಬೈರಿಗೆ ಹೊರಗೆ ತೆಗೆದು ಊದುತ್ತಿದ್ದ. ಅವಳ "ತೆಗಿ"ಯೇ ಅಲ್ಲಾಲನ ಹತ್ತಕ್ಕೆ ಹತ್ತು ಹುಣ್ಣಿಮೆಯ ಗುಟ್ಟು.

ಕಳೆದ ಚಳಿಗಾಲದಲ್ಲಿ ಅಲ್ಲಾಲ್ ಹೆಚ್ಚು ನರಳದೆ ತೀರಿಕೊಂಡ. ನಮ್ಮ ಪದ್ಧತಿಯಂತೆ ಮಹಜೂಬಾ ನಾಲ್ಕು ತಿಂಗಳು ಹತ್ತು ದಿನ ಬಿಳಿ ಬಟ್ಟೆ ಉಟ್ಟು ಮನೆಯೊಳಗಿದ್ದಳು. ಅಳು ಬಂದಾಗ ಅತ್ತಳು. ಆದರೆ ಅವಳನ್ನು ನಿಜವಾಗಿ ಕಾಡಿದ್ದು ಸಂಜೆಯ ಸದ್ದಿಲ್ಲದ ಅಂಗಳ. ಬಲಗೈಯಲ್ಲಿ ಹಿಟ್ಟು ನಾದುತ್ತಿದ್ದರೆ ಎಡಗೈ ತನ್ನಷ್ಟಕ್ಕೆ ಹಿಂದೆ ಮುಂದೆ ಆಡುತ್ತಿತ್ತು.

ಬಿಳಿ ಬಟ್ಟೆ ಕಳಚಿದ ವಾರಕ್ಕೆ ಅಮೀನ್ ಸಿ ತೈಬಿಯವರು ಅಬ್ಬಾಸ್‌ನನ್ನು ಕರೆದುಕೊಂಡು ಮನೆಗೆ ಬಂದರು. ಅಮೀನ್ ಎಂದರೆ ನಮ್ಮ ಕಸುಬಿನ ಹಿರಿಯರು; ಸಿ ತೈಬಿ ಎಪ್ಪತ್ತು ದಾಟಿದವರು. ಓಣಿಯಲ್ಲಿ ಅವರ ಮಾತೆಂದರೆ ಮಾತು. ಅಬ್ಬಾಸ್ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚೊಂದನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದ. ಸಕ್ಕರೆ ಅಚ್ಚು ಬಂತೆಂದರೆ ಹಿಂದೆ ಒಂದು ಕೋರಿಕೆ ಇದ್ದೇ ಇರುತ್ತದೆ. ಮಹಜೂಬಾ ಕೆಟಲನ್ನು ಬಲಗೈಯಲ್ಲಿ ಎತ್ತರಕ್ಕೆ ಹಿಡಿದು, ಒಂದು ತೊಟ್ಟೂ ಚೆಲ್ಲದೆ ಮೂರು ಲೋಟಕ್ಕೆ ಚಹಾ ಬಗ್ಗಿಸಿದಳು.

"ಲಲ್ಲಾ ಮಹಜೂಬಾ, ಅಂಗಡಿ ಬೀಗದಕೈ ವಿಷ್ಯ" ಎಂದರು ಅಮೀನರು. ನಮ್ಮ ಓಣಿಯ ಕಟ್ಟಳೆ ಹಳೆಯದು: ಅಂಗಡಿ ಕಸುಬು ಬಲ್ಲ ಕೈಯಲ್ಲೇ ಇರಬೇಕು. ಮಾಲೆಮ್ ಹೋದರೆ ಮಗ, ಮಗನಿಲ್ಲದಿದ್ದರೆ ಕಸುಬು ಗೊತ್ತಿರುವ ಅಳಿಯ, ಅದೂ ಇಲ್ಲದಿದ್ದರೆ ಬೀಗದಕೈ ಅಮೀನರಿಗೆ. ಅಲ್ಲಾಲನಿಗೆ ಮಗನಿಲ್ಲ, ಇಬ್ಬರು ಅಳಿಯಂದಿರಲ್ಲಿ ಒಬ್ಬ ಬಸ್ಸು ಓಡಿಸುತ್ತಾನೆ, ಇನ್ನೊಬ್ಬ ಕ್ಷೌರಿಕ. "ಅಬ್ಬಾಸ್ ನಡುವಿನ ಗೋಡೆ ತೆಗೆದು ಕರೆಂಟಿನ ಲೇತು ಹಾಕ್ಬೇಕು ಅಂತಿದಾನೆ. ನಿಮಗೆ ಕೊಡೋದು ಏನಿದ್ರೂ ಮರ್ಯಾದೆಯಾಗಿ ಕೊಡ್ತಾನೆ."

"ಅಂಗಡಿ ನಾನೇ ನಡೆಸ್ತೀನಿ" ಎಂದಳು ಮಹಜೂಬಾ.

"ಬೇರೆಯವ್ರ ಮಾಲು ತಂದು ಮಾರೋದಾದ್ರೆ ಅದಕ್ಕೆ ಬೇರೆ ಓಣಿ ಇದೆ, ಲಲ್ಲಾ."

"ಮಾರಕ್ಕಲ್ಲ. ಕೊರೆಯಕ್ಕೆ."

ಅಬ್ಬಾಸ್ ಚಹಾ ನೆತ್ತಿಗೇರಿಸಿಕೊಂಡ. "ಅಯ್ಯೋ ಲಲ್ಲಾ! ಇದೇನು ಬಗ್ರೀರ್ ದೋಸೆನಾ, ಹೆಂಚಿಗೆ ಹೊಯ್ದ್ರೆ ತಾನಾಗೇ ತೂತು ಬೀಳೋಕೆ?"

"ನಿಮ್ಮನೇಲಿ ಅದಕ್ಕೂ ತೂತು ಬೀಳಲ್ವಂತಲ್ಲ ಅಬ್ಬಾಸ್, ನಿನ್ನ ಹೆಂಡ್ತಿನೇ ಹಮ್ಮಾಮಿನಲ್ಲಿ ಹೇಳಿದ್ಲು."

ಅಮೀನರು ನಗೆಯನ್ನು ಗಡ್ಡದೊಳಗೆ ಬಚ್ಚಿಟ್ಟುಕೊಂಡರು. "ಯಾರು ಕಲ್ಸಿದ್ದು ನಿಮಗೆ?"

ನಾಲಿಗೆ ತುದಿಗೆ ಬಂದ ಮಾತನ್ನು ಮಹಜೂಬಾ ನುಂಗಿದಳು. ಎಂಟು ವರ್ಷ ಕಮಾನು ಎಳೆದವಳು ನಾನು ಎಂದು ಹೇಳಿದ್ದರೆ ಅಲ್ಲೇ ಅರ್ಧ ಗೆದ್ದ ಹಾಗೆ. ಆದರೆ ಹಾಗೆಂದರೆ ಅಲ್ಲಾಲ್ ಎಂಟು ವರ್ಷ ಕಮಾನು ಎಳೆಯಲಿಲ್ಲ ಎಂದೂ ಹೇಳಿದ ಹಾಗೆಯೇ. ಸತ್ತವನ ಮುಖಕ್ಕೆ ಮಸಿ ಬಳಿದು ಅಂಗಡಿ ಉಳಿಸಿಕೊಳ್ಳುವುದೇ? ಅಂಥ ಅಂಗಡಿಯಲ್ಲಿ ಅವಳಿಗೆ ಕೂರಲಾಗುತ್ತಿರಲಿಲ್ಲ. "ಇನ್ಯಾರು? ಅವ್ರೇ. ಬಿಡುವಾದಾಗ" ಎಂದಳು.

ಅಮೀನರು ಲೋಟ ತಿರುಗಿಸುತ್ತ ಲೆಕ್ಕ ಹಾಕಿದರು. ಹೆಂಗಸು ಕೂರಬಾರದೆಂದು ಕಟ್ಟಳೆಯಲ್ಲಿಲ್ಲ, ಕೂತದ್ದೂ ಇಲ್ಲ. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ದಾರಿ ಹುಡುಕಿದರು. ಮೂರು ವಾರ ಬಿಟ್ಟು ಬರುವ ಸೋಮವಾರ, ಮಧ್ಯಾಹ್ನದ ನಮಾಜಿನಿಂದ ಸಂಜೆಯ ಅಜಾನಿನವರೆಗೆ, ಅಲ್ಲಾಲನ ಅಂಗಡಿಯಲ್ಲಿ, ಎಲ್ಲರೆದುರು ಐದು ತುಂಡು ಕೊರೆಯಬೇಕು. ನಾಲ್ಕು ಹುಣ್ಣಿಮೆ ಬಂದರೆ ಬೀಗದಕೈ ಅವಳದು. ಬರದಿದ್ದರೆ ಅಬ್ಬಾಸ್‌ಗೆ, ಆಮೇಲೆ ಮಾತಿಲ್ಲ.

"ನಾಲ್ಕು ಬಂದ್ರೆ ಓಣಿಗೆಲ್ಲ ತಂಜಿಯಾ ನಂದು!" ಎಂದು ಅಬ್ಬಾಸ್ ಎದೆ ತಟ್ಟಿಕೊಂಡ. ಮಡಕೆ ತುಂಬ ಮಾಂಸ, ಉಪ್ಪಿನ ನಿಂಬೆ, ಜೀರಿಗೆ, ಕೇಸರಿ ಹಾಕಿ ಬಾಯಿ ಕಟ್ಟಿ ಹಮ್ಮಾಮಿನ ಒಲೆಯ ಬೂದಿಯಲ್ಲಿ ಹೂತಿಟ್ಟು ಬೇಯಿಸುವ ಆ ಅಡುಗೆಯ ಹೆಸರೆತ್ತಿದರೆ ಸಾಕು, ನಮ್ಮ ಓಣಿಯ ಗಂಡಸರು ಯಾವ ಪಂತಕ್ಕೂ ಸಾಕ್ಷಿ ನಿಲ್ಲುತ್ತಾರೆ.

ಮರುದಿನದಿಂದ ಮಹಜೂಬಾ ಅಂಗಳದಲ್ಲಿ ಕೂತಳು. ಲೇತಿನ ಆಚೆಗೆ ಅಲ್ಲಾಲನ ಜಾಗದಲ್ಲಿ ಅವನ ಹಳೆಯ ಕಂಬಳಿ ಮಡಿಸಿದ್ದಂತೆಯೇ ಇತ್ತು. ಅವಳು ಅದನ್ನು ಮುಟ್ಟದೆ ತನ್ನ ಜಾಗದಲ್ಲೇ ಕೂತು ಎಡಗೈಯಲ್ಲಿ ಕಮಾನು ಹಿಡಿದು, ಬಲಗೈಯಲ್ಲಿ ಮೊದಲ ಸಲ ಬೈರಿಗೆ ಹಿಡಿದಳು. ಮೊದಲ ವಾರದ ತುಂಡುಗಳೆಲ್ಲ ಚಹಾದ ಒಲೆಗೆ ಸೌದೆಯಾದವು. ಕಾಲ್ಬೆರಳು ಬೊಬ್ಬೆ ಬಂದು ಒಡೆಯಿತು. "ನೀನು ಇಷ್ಟು ಕಷ್ಟದ್ದು ಮಾಡ್ತಿದ್ದೆ ಅಂತ ಗೊತ್ತಿದ್ರೆ ಅಷ್ಟೊಂದು ಬೈತಿರ್ಲಿಲ್ಲ" ಎಂದು ಕಂಬಳಿಗೆ ಹೇಳಿದಳು. ಎರಡನೆಯ ವಾರ ಸೀಳು ಚಂದ್ರಗಳು ಬಂದವು. ಮೂರನೆಯ ವಾರ ಹುಣ್ಣಿಮೆ. ಹುರಿಯ ಭಾರ ಅವಳ ಮಣಿಕಟ್ಟಿಗೆ ಮೊದಲೇ ಗೊತ್ತಿತ್ತು. ಬಲಗೈಗೆ ಆ ಮಾತು ಕೇಳುವುದನ್ನು ಕಲಿಸಿದ್ದಷ್ಟೇ ಕೆಲಸ.

ಸೋಮವಾರ ನಮಾಜು ಮುಗಿಯುವ ಹೊತ್ತಿಗೆ ಅಲ್ಲಾಲನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಚಹಾದವನು ಎರಡು ಸಲ ಪುದೀನಾ ತರಿಸಬೇಕಾಯಿತು. ಮಹಜೂಬಾ ಅಂಗಡಿಯ ಕಟ್ಟೆ ಹತ್ತಿ, ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದ ಲೇತನ್ನು ದಾಟಿ, ಒಳಗೋಡೆಗೆ ಬೆನ್ನು ಕೊಟ್ಟು ಅಲ್ಲಾಲನ ಕುರಿದೊಗಲಿನ ಮೇಲೆ ಓಣಿಗೆ ಮುಖ ಮಾಡಿ ಕೂತಳು. ಓಣಿಯ ಜೊಂಡಿನ ಚಪ್ಪರದಿಂದ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಅವಳು ಬಿಸ್ಮಿಲ್ಲಾ ಎಂದು ಕೈಚಾಚಿದಳು. ಕಮಾನು ಬಲಗಡೆ ಇತ್ತು!

ಬಲಗೈಯಲ್ಲಿ ಅವಳು ಒಂದು ದಿನವೂ ಕಮಾನು ಎಳೆದವಳಲ್ಲ. ಅಷ್ಟು ಜನರ ಮುಂದೆ ಏನು ಹೇಳುವುದು? ಹೇಗೋ ಎಳೆದಳು. ಹುರಿ ಭಾರವಾಯಿತೋ ಹಗುರಾಯಿತೋ ಬಲಗೈ ಒಂದೂ ಹೇಳಲಿಲ್ಲ. ಎಡಗೈಯಲ್ಲಿ ಬೈರಿಗೆ ಕುಡುಕನ ಹಾಗೆ ತೂರಾಡಿತು. ಎರಡೂ ಕಡೆ ಕೊರೆದು ತುಂಡನ್ನು ಕೆಳಗೆ ನಿಂತಿದ್ದ ಅಮೀನರಿಗೆ ಕೊಟ್ಟಳು. ಅವರು ಬೆಳಕಿಗೆ ಹಿಡಿದು ನೋಡಿ ಅಬ್ಬಾಸ್‌ನ ಕೈಗೆ ಕೊಟ್ಟರು.

ಅಬ್ಬಾಸ್ ಒಂದು ಕಣ್ಣು ಮುಚ್ಚಿ ನೋಡಿದವನೇ ಕಿರುಚಿದ: "ಚಂದ್ರ ಕಾಣಿಸ್ತು! ಚಂದ್ರ ಕಾಣಿಸ್ತು! ನಾಳೆನೇ ಹಬ್ಬ ಕಣ್ರಪ್ಪೋ!"

ಓಣಿಗೆ ಓಣಿಯೇ ಹೊಟ್ಟೆ ಹಿಡಿದು ನಕ್ಕಿತು. ಯಾರೋ ಹಬ್ಬದ ಮುಬಾರಕ್ ಕೂಡ ಹೇಳಿಕೊಂಡರು. ಸಾಮಾನ್ಯ ದಿನವಾಗಿದ್ದರೆ ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ಮಹಜೂಬಾಳೇ ನಗುತ್ತಿದ್ದಳು. ಅವತ್ತು ಪಕ್ಕದಲ್ಲಿದ್ದ ತುಂಡುಗಳನ್ನು ಎಣಿಸಿದಳು. ಇನ್ನು ಉಳಿದದ್ದು ನಾಲ್ಕು ತುಂಡು, ನಾಲ್ಕೂ ಹುಣ್ಣಿಮೆಯೇ ಆಗಬೇಕು. ಒಂದು ತಪ್ಪಿದರೂ ಬೀಗದಕೈ ಹೋಯಿತು, ಈ ಗಲಾಟೆ ಹೋಯಿತು, ಹುರಿಯ ಸದ್ದೂ ಹೋಯಿತು. ಕೈ ಕಟ್ಟಿಕೊಂಡು ಲೇತನ್ನೇ ನೋಡಿದಳು. ಅದರಾಚೆಗೆ ಹೊಸ್ತಿಲ ಹತ್ತಿರ ಎರಡು ಮೊಳ ಜಾಗ ಖಾಲಿ ಬಿದ್ದಿತ್ತು.

ಆಗ ಅವಳಿಗೆ ಹೊಳೆಯಿತು. ಈ ಬದಿಯಲ್ಲಿ ಅವಳು ಜೀವಮಾನದಲ್ಲೇ ಕೂತಿರಲಿಲ್ಲ. ಇದು ಅಲ್ಲಾಲನ ಜಾಗ, ತನ್ನದು ಅದು. ಮೂರು ವಾರ ಮನೆಯಲ್ಲಿ ಕಲಿತದ್ದೆಲ್ಲ ಆ ಬದಿಯ ವಿದ್ಯೆ. ತಲೆ ಇಷ್ಟು ಬೆಳ್ಳಗಾದರೂ ಇಷ್ಟು ಚಿಕ್ಕ ವಿಷಯ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಎದ್ದು ಜಲ್ಲಾಬಿ ನಿಲುವಂಗಿಯ ಅಂಚು ಎತ್ತಿ ಹಿಡಿದು ಲೇತು ದಾಟಿ ಬಂದಳು. "ಈ ಜಾಗ ನನಗಾಗಲ್ಲ, ಅಮೀನ್. ಇಲ್ಲಿ ಕೂರ್ತೀನಿ."

"ಕುಣಿಯಲಾರದವಳು ಅಂಗಳ ಡೊಂಕು ಅಂದ್ಲಂತೆ!" ಎಂದ ಅಬ್ಬಾಸ್.

"ಡೊಂಕೇ ಕಣಪ್ಪ. ನಿನ್ನ ಮುಖ ನೋಡ್ತಾ ಕೊರೆದ್ರೆ ತೂತು ಇನ್ನೆಂಗೆ ನೆಟ್ಟಗಾಗುತ್ತೆ?" ಎಂದು ಹೊಸ್ತಿಲ ಮೇಲೆ ಓಣಿಗೆ ಬೆನ್ನು ಮಾಡಿ ಕೂತುಬಿಟ್ಟಳು.

ಗಿರಾಕಿಗಳ ದಾರಿಗೆ ಬೆನ್ನು ಹಾಕಿ ಕೂರುವುದೆಂದರೆ ನಮ್ಮಲ್ಲಿ ಬಂದ ಅನ್ನಕ್ಕೆ ಬೆನ್ನು ಹಾಕಿದ ಹಾಗೆ. ಹಿರಿಯರು ಕೆಲವರು ಗೊಣಗಿದರು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು: ಅವಳ ಕೈ ಯಾರಿಗೂ ಕಾಣುತ್ತಿರಲಿಲ್ಲ. "ಬೆನ್ನಿನ ಮರೇಲಿ ಏನು ಮಾಡ್ತಾರೋ ಯಾರಿಗ್ಗೊತ್ತು? ಜಿನ್ನು ಕೈ ಹಾಕಿದ್ರೆ?" ಎಂದು ಅಬ್ಬಾಸ್ ತಕರಾರು ತೆಗೆದ. ಅಮೀನರಿಗೂ ಅದು ಸರಿ ಅನ್ನಿಸಿತು. ಇಬ್ಬರ ಹೆಗಲು ಹಿಡಿದು ಕಟ್ಟೆ ಹತ್ತಿ, ಮೊಣಕಾಲು ಲಟಲಟ ಅನ್ನಿಸುತ್ತ ಲೇತು ದಾಟಿ, ಒಳಗೆ ಕುರಿದೊಗಲಿನ ಮೇಲೆ ಅವಳಿಗೆ ಎದುರಾಗಿ ಕೂತರು. ಅಲ್ಲಾಲನ ಜಾಗದಲ್ಲಿ.

"ಶುರು ಮಾಡಿ ಲಲ್ಲಾ" ಎಂದರು.

ಎಡಗೈ ಕಮಾನನ್ನು ಹಿಡಿದದ್ದೇ ತಡ, ಹ್ರೂಂ ಹ್ರೂಂ ಎಂದು ಹುರಿ ಮಾತಾಡತೊಡಗಿತು. ಎಳೆದಾಗ ಒಳಗೆ, ತಳ್ಳಿದಾಗ ಹೊರಗೆ. ಹುಳಿಕಿತ್ತಳೆಯ ಹಳದಿ ಹೊಟ್ಟು ಅವಳ ಮಡಿಲಿಗೆ ಉದುರಿತು, ಅದರ ಘಮ ಓಣಿಗೆ ಹರಡಿತು. ಎರಡನೆಯ ತುಂಡನ್ನು ಅಮೀನರು ಬೆಳಕಿಗೆ ಹಿಡಿದು, "ಹುಣ್ಣಿಮೆ" ಎಂದರು. ಓಣಿಯಲ್ಲಿ ನಗು ನಿಂತಿತು. ಮೂರನೆಯದೂ ಹುಣ್ಣಿಮೆ. ಚಹಾದವನು ತಟ್ಟೆ ಕೆಳಗಿಟ್ಟು ಕುತ್ತಿಗೆ ಉದ್ದ ಮಾಡಿದ. ನಾಲ್ಕನೆಯದಕ್ಕೆ ಅಬ್ಬಾಸ್ ತಾನೇ ತುಂಡು ಇಸಕೊಂಡು ನೋಡಿ ಬಾಯಿ ಮುಚ್ಚಿಕೊಂಡ. ಅವನ ಬಾಯಿ ಮುಚ್ಚಿದ್ದು ಯಾವಾಗೆಂದು ಯಾರಾದರೂ ಕೇಳಿದರೆ ನಮ್ಮವರು ಇವತ್ತಿಗೂ ಆ ಸೋಮವಾರವನ್ನೇ ಹೇಳುತ್ತಾರೆ.

ಅಮೀನರು ಮಾತ್ರ ತೂತಿಗಿಂತ ಹೆಚ್ಚಾಗಿ ಅವಳ ಕೈ ನೋಡುತ್ತಿದ್ದರು. ಕಮಾನು ಎಡಗೈಯಲ್ಲಿ. ಅವಳೇನೂ ಎಡಚಿಯಲ್ಲ, ಮೂರು ವಾರದ ಹಿಂದೆ ಬಲಗೈಯಲ್ಲಿ ಒಂದು ತೊಟ್ಟೂ ಚೆಲ್ಲದೆ ಚಹಾ ಬಗ್ಗಿಸಿದವಳು. ಬೈರಿಗೆ ಹಿಡಿದ ಬಲಗೈ ಮೂರು ವಾರದ ಕೈ ಎಂದು ಕಸುಬಿನ ಕಣ್ಣಿಗೆ ಕಾಣುತ್ತಿತ್ತು. ಕಮಾನು ಹಿಡಿದ ಕೈ ಹಾಗಿರಲಿಲ್ಲ. ಅದು ವರ್ಷಗಟ್ಟಲೆ ಎಳೆದ ಕೈ, ಜಡ್ಡುಗಟ್ಟಿದ ಕೈ. ಅರವತ್ತು ವರ್ಷ ಕಮಾನಿನ ಜೊತೆ ಬದುಕಿದ ಮುದುಕರಿಗೆ ಅಂಥ ಕೈ ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಐದನೆಯ ತುಂಡು. ಒಂದು ಕಡೆಯಿಂದ ಅರ್ಧ ಸಲೀಸಾಗಿ ಇಳಿಯಿತು. ತಿರುಗಿಸಿ ಹಾಕಿದಳು. ಇನ್ನೊಂದು ಬೆರಳಗಲ ಉಳಿದಿರುವಾಗ ಹುರಿ ಇದ್ದಕ್ಕಿದ್ದಂತೆ ಭಾರವಾಯಿತು. ಒಳಗೆಲ್ಲೋ ಗಂಟು ಸಿಕ್ಕಿತ್ತು. ಹೊರಗೆ ಯಾರಿಗೂ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಯಾರೋ "ಬೇಗ ಬೇಗ, ಅಜಾನಾಗುತ್ತೆ!" ಎಂದು ಕೂಗಿದರು. ಬಲಗೈ ಗಾಬರಿಯಲ್ಲಿ ಒತ್ತಲು ಹೋಯಿತು. ಮಹಜೂಬಾಳ ಬಾಯಿಂದ ಅವಳಿಗೇ ತಿಳಿಯದೆ, ಅಂಗಳದಲ್ಲಿ ಆಡುತ್ತಿದ್ದಷ್ಟೇ ಮೆಲ್ಲಗೆ, ಮಾತು ಬಂತು:

"ತೆಗಿ, ಅಲ್ಲಾಲ್."

ಕೈ ನಿಂತಿತು. ಬೈರಿಗೆ ಹೊರಗೆ ಬಂತು. ತೂತಿನಿಂದ ಸಣ್ಣಗೆ ಹೊಗೆ ಎದ್ದಿತು. ಅವಳು ಊದಿ ಹೊಟ್ಟು ಹಾರಿಸಿ, ಮರ ತಣ್ಣಗಾಗುವವರೆಗೆ ಕಾದು, ಮತ್ತೆ ಎಳೆದಳು. ಸ್ವಲ್ಪ ಒಳಗೆ, ಪೂರಾ ಹೊರಗೆ. ಸ್ವಲ್ಪ ಒಳಗೆ, ಪೂರಾ ಹೊರಗೆ. ಮಸೀದಿಯಿಂದ ಅಜಾನು ಶುರುವಾಗುವಾಗ ಎರಡು ತೂತುಗಳೂ ನಡುವೆ ಕೂಡಿಕೊಂಡವು. ಹುರಿ ಒಮ್ಮೆಲೇ ಹಗುರಾಗಿ ಅವಳಿಗೆ ಅದನ್ನು ಹೇಳಿತು.

ತುಂಡನ್ನು ಚಾಚಿದಾಗಲಷ್ಟೇ ಅವಳು ಅಮೀನರ ಮುಖ ನೋಡಿದಳು. ಅವರು ಕೇಳಿಸಿಕೊಂಡಿದ್ದರು. ಬೇರೆ ಯಾರಿಗೂ ಕೇಳಿಸಿರಲಿಲ್ಲ. ಅವಳ ಬೆನ್ನು ಅಷ್ಟು ಉಪಕಾರ ಮಾಡಿತ್ತು. ಅವರು ತುಂಡನ್ನು ಬೆಳಕಿಗೂ ಹಿಡಿಯದೆ ಮಡಿಲಲ್ಲಿಟ್ಟುಕೊಂಡರು.

"ಎಷ್ಟು ವರ್ಷ, ಲಲ್ಲಾ?" ಎಂದು ಕೆಳದನಿಯಲ್ಲಿ ಕೇಳಿದರು.

ಮಹಜೂಬಾಳಿಗೆ ಸುಳ್ಳು ಹೇಳಲಾಗಲಿಲ್ಲ. "ಎಂಟು" ಎಂದಳು. ಕಣ್ಣು ತುಂಬಿ ಬಂತು. "ಓಣಿಗೆ ಹೇಳ್ಬೇಡಿ, ಅಮೀನ್. ಅವ್ರ ಮಾನ."

"ಏನನ್ನ ಹೇಳ್ಬೇಡಿ?" ಎಂದರು ಸಿ ತೈಬಿ. "ನಂಗೆ ಕಿವಿ ಕೇಳಲ್ಲ ಅಂತ ಊರಿಗೇ ಗೊತ್ತು."

ಆಮೇಲೆ ತುಂಡನ್ನು ಎತ್ತಿ ಹಿಡಿದು ಕಣ್ಣಿಗಿಟ್ಟುಕೊಂಡು, ಅಜಾನಿಗಿಂತ ಜೋರಾಗಿ ಕೂಗಿದರು: "ಹುಣ್ಣಿಮೆ! ನಾಲ್ಕಕ್ಕೆ ನಾಲ್ಕು! ಅಲ್ಲಾಲ್ ಒಳ್ಳೆ ಮಾಲೆಮ್ ಆಗಿದ್ದ, ಒಳ್ಳೇದಾಗಿ ಕಲಿಸಿ ಹೋಗಿದಾನೆ. ಬೀಗದಕೈ ಮಾಲ್ಮಾ ಮಹಜೂಬಾಗೆ!"

ನಮ್ಮ ಓಣಿಯಲ್ಲಿ ಹೆಂಗಸನ್ನು ಮಾಲ್ಮಾ ಎಂದು ಕರೆದದ್ದು ಅದೇ ಮೊದಲು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಂಜಿಯಾ ನೆನಪಾಯಿತು, ಸಿಳ್ಳೆ ಚಪ್ಪಾಳೆ ಮುಗಿಲು ಮುಟ್ಟಿತು.

"ಹಾಗಾದ್ರೆ ಆ ಜಿನ್ನು?" ಎಂದ ಅಬ್ಬಾಸ್. ಪಾಪ, ಅವನಿಗೆ ಅಂಗಡಿ ಹೋದದ್ದಕ್ಕಿಂತ ಅದೇ ದೊಡ್ಡ ಚಿಂತೆಯಾಗಿತ್ತು.

"ಅದನ್ನ ನನಗೆ ಬಿಡು. ನೀನು ಮಾಂಸ ನೋಡ್ಕೋ" ಎಂದರು ಅಮೀನರು.

ಅಬ್ಬಾಸ್ ಕೆಟ್ಟವನಲ್ಲ. ಬಾಯಿ ಉದ್ದ, ಮನಸ್ಸು ಅದಕ್ಕಿಂತ ಅಗಲ. ಮರುದಿನವೇ ಒಂದು ಹಳೆಯ ಕನ್ನಡಿ ತಂದು ಅವಳ ಅಂಗಡಿಯ ಒಳಗೋಡೆಗೆ, ಕುರಿದೊಗಲಿನ ಮೇಲ್ಗಡೆ ಮೊಳೆ ಹೊಡೆದು ತೂಗುಹಾಕಿದ. "ನೀವು ಬೆನ್ನು ಹಾಕಿ ಕೂತ್ರೆ ಗಿರಾಕಿಗಳು ನನ್ನ ಅಂಗಡಿಗೆ ನುಗ್ತಾರೆ, ನಂಗೆ ಪುರುಸೊತ್ತಿಲ್ಲ" ಎಂದ. ಅಂದಿನಿಂದ ಮಹಜೂಬಾ ಓಣಿಯನ್ನು ಕನ್ನಡಿಯಲ್ಲೇ ನೋಡುತ್ತಾಳೆ, ಕನ್ನಡಿಗೇ ಬೈಯುತ್ತಾಳೆ, ಕನ್ನಡಿಯಲ್ಲೇ ಗಿರಾಕಿಯ ಮುಖ ನೋಡಿ ಬೆಲೆ ಹೇಳುತ್ತಾಳೆ. ಬೆನ್ನಿನ ಹಿಂದೆ ಮಾತಾಡುವವರಿಗೆ ಇದರಿಂದ ಬಹಳ ತೊಂದರೆಯಾಗಿದೆ.

ಶುಕ್ರವಾರ ನಮಾಜಾದ ಮೇಲೆ ಗಂಡಸರೆಲ್ಲ ಮಡಕೆಗಳನ್ನು ಹೊತ್ತು ಆಲಿವ್ ತೋಟಕ್ಕೆ ಹೋದರು. ತಂಜಿಯಾ ಉಣ್ಣುವ ಆ ಕೂಟಕ್ಕೆ ಹೆಂಗಸರು ಹೋಗುವ ವಾಡಿಕೆಯಿಲ್ಲ. ಮಹಜೂಬಾ ಖಾಲಿ ಓಣಿಯಲ್ಲಿ ಒಬ್ಬಳೇ ಕೂತು ಕೊರೆಯುತ್ತಿದ್ದಳು. ಸಂಜೆ ಕನ್ನಡಿಯಲ್ಲಿ ಅಬ್ಬಾಸ್ ಕಾಣಿಸಿದ. ಕೈಯಲ್ಲಿ ಮುಚ್ಚಿದ ಬೋಗುಣಿ, ಗಡ್ಡದಲ್ಲಿ ಇನ್ನೂ ಮಾಂಸದ ಜಿಡ್ಡು.

"ಮಾಲ್ಮಾ, ಅಮೀನ್ ಕಳಿಸಿದಾರೆ. ನಾನು ತಂದಿದ್ದು, ನಾನು ಬೇಯಿಸಿದ್ದು, ಆದ್ರೆ ಮೊದಲ ಪಾಲು ತೆಗೆದಿಟ್ಟಿದ್ದು ಅವ್ರು. ಯಾರನ್ನೂ ಮುಟ್ಟಕ್ಕೆ ಬಿಡ್ಲಿಲ್ಲ." ಬೋಗುಣಿಯ ಮುಚ್ಚಳ ತೆಗೆದ. ಮಡಕೆಯಲ್ಲೇ ದೊಡ್ಡದಾದ ನಲ್ಲಿ ಮೂಳೆ, ತುಂಬಿದ ಮಜ್ಜೆಯ ಜೊತೆ, ಹಳದಿ ಸಾರಿನಲ್ಲಿ ಕೂತಿತ್ತು. "ಏನಂದ್ರು ಗೊತ್ತಾ? 'ಇದು ಅಲ್ಲಾಲನ ಮನೆ ಜಿನ್ನಿಗೆ. ಎಂಟು ವರ್ಷ ಬೆವರು ಸುರಿಸಿದೆ, ಒಂದು ದಿನಾನೂ ಯಾರೂ ಊಟಕ್ಕೆ ಕರೀಲಿಲ್ಲ. ಒಯ್ದು ಮಹಜೂಬಾ ಕೈಲಿ ಕೊಡು, ಅವಳು ತಲುಪಿಸ್ತಾಳೆ' ಅಂತ. ಅರವತ್ತಕ್ಕೆ ಅರಳು ಮರಳು ಅಂತಾರೆ, ಇವ್ರಿಗೆ ಎಪ್ಪತ್ತು ದಾಟಿದ ಮೇಲೆ ಶುರುವಾಗಿದೆ."

ಮಹಜೂಬಾ ಕಮಾನು ಕೆಳಗಿಟ್ಟಳು. ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು, ಮೂಳೆಯನ್ನು ಎತ್ತಿ ಲೇತಿನ ಅಂಚಿಗೆ ಎರಡು ಸಲ ಕುಟ್ಟಿ, ಮಜ್ಜೆಯನ್ನು ಜೋರಾಗಿ ಸದ್ದು ಮಾಡಿ ಹೀರಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಅಬ್ಬಾಸ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಎದುರಿಗೆ ಕುರಿದೊಗಲು ಖಾಲಿಯಿತ್ತು. ಅವಳು ಮೂಳೆಯನ್ನು ತಿರುಗಿಸಿ, ಒಂದು ಕಣ್ಣು ಮುಚ್ಚಿ, ಚಪ್ಪರದ ಬೆಳಕಿಗೆ ಹಿಡಿದು ಅದರ ತೂತಿನಲ್ಲಿ ನೋಡಿದಳು.

"ಹುಣ್ಣಿಮೆ" ಎಂದಳು. "ಅಮೀನ್‌ಗೆ ಹೇಳು ಅಬ್ಬಾಸ್, ಜಿನ್ನು ಪೂರ್ತಿ ತಿಂತು ಅಂತ. ಅವತ್ತು ಬುಟ್ಟಿಗೆ ಸುರಿದ ನಿನ್ನ ಉಪ್ಪೂ ಭಾಳ ರುಚಿಯಾಗಿತ್ತಂತೆ."